ಹತ್ತೂ ಮುಕ್ಕಾಲರ ಉದ್ಘಾಟನೆ

ಅದು ಶುಕ್ರವಾರವೇ ಇರಬೇಕು. ನೆನಪಿನಿಂದಲ್ಲ, ತರ್ಕದಿಂದ ಹೇಳುತ್ತಿದ್ದೇನೆ: ಹತ್ತೂವರೆಗೆ ರಾಹುಕಾಲ ಶುರುವಾಗುವುದು ಶುಕ್ರವಾರ ಮಾತ್ರ. ವರ್ಷ ತೊಂಬತ್ತೆಂಟೋ ತೊಂಬತ್ತೊಂಬತ್ತೋ, ಅದು ತರ್ಕಕ್ಕೂ ಸಿಗುತ್ತಿಲ್ಲ.

ಸಮಾಜಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ಎರಡು ಕೆಲಸ ಬಿಟ್ಟು, ಇಂದಿರಾನಗರದ ಬಂಗಲೆಯೊಂದರ ಗ್ಯಾರೇಜಿನಲ್ಲಿದ್ದ ಈವೆಂಟ್ ಕಂಪನಿ ಸೇರಿದ್ದೆ. ಬೇರೆಯವರ ಸಭೆಗೆ ಕುರ್ಚಿ ಹಾಕಿಸುವುದು, ಆ ಕುರ್ಚಿಗಳಲ್ಲಿ ಯಾರು ಮುಂದೆ ಕೂರಬೇಕೆಂದು ಚಿಂತಿಸುವುದು ನನ್ನ ಉದ್ಯೋಗ. ಪ್ರೊಬೇಶನ್ನಿನ ಕೊನೆಯ ತಿಂಗಳು ಕಂಪನಿ ನಡೆಸುತ್ತಿದ್ದ ಮೇಡಂ ಒಂದು ಕಾರ್ಯಕ್ರಮವನ್ನು ಪೂರ್ತಿ ನನಗೇ ಒಪ್ಪಿಸಿದರು.

"ಸರಿಹೋದ್ರೆ ಪರ್ಮನೆಂಟ್. ಇಲ್ಲಾಂದ್ರೆ ಸೋಮವಾರದಿಂದ ಬರ್ಬೇಡಿ."

ಕೆ.ಆರ್. ಪುರದ ಆಚೆ ಮುಂಬೈ ಕಂಪನಿಯೊಂದರ ಹೊಸ ಕಚೇರಿಯ ಉದ್ಘಾಟನೆ. ದೀಪ ಹಚ್ಚಬೇಕಾದವರು ಕಟ್ಟಡದ ಮಾಲೀಕರು, ಅಲ್ಲಿ ಒಂದು ಕಾಲಕ್ಕೆ ರಾಗಿ ಬೆಳೆದಿದ್ದ ಹಿರಿಯರು. ಪಕ್ಕದಲ್ಲಿ ನಿಲ್ಲಬೇಕಾದವರು ಮುಂಬೈಯ ಸಾಹೇಬರು. ಮಧ್ಯಾಹ್ನ ಒಂದರ ವಿಮಾನಕ್ಕಾಗಿ ಅವರು ಹನ್ನೊಂದೂವರೆಗೇ ಹೊರಡಬೇಕಿತ್ತು. ನಾನು ನಿಮಿಷ ನಿಮಿಷದ ಪಟ್ಟಿ ಮಾಡಿ, ದೀಪಕ್ಕೆ ಹತ್ತೂ ಮುಕ್ಕಾಲು ಎಂದು ಬರೆದೆ.

ಪಟ್ಟಿಯಲ್ಲಿ ತಪ್ಪು ಹಿಡಿದವರು ಒಬ್ಬರೇ: ಶಿವಾಜಿನಗರದ ಶಾಮಿಯಾನದ ಸಾಬರು.

"ಸಾರ್, ಶುಕ್ರವಾರ ಹತ್ತೂವರೆ ಮೇಲೆ ನಿಮ್ಮೋರು ಏನೂ ಶುರು ಮಾಡಲ್ಲ. ಇಪ್ಪತ್ ವರ್ಷದಿಂದ ಪೆಂಡಾಲ್ ಹಾಕ್ತಿದೀನಿ."

ನಾನು ಅವರಿಗೆ ಮೂಢನಂಬಿಕೆಯ ಸಾಮಾಜಿಕ ಬೇರುಗಳ ಬಗ್ಗೆ ಹತ್ತು ನಿಮಿಷ ಉಪನ್ಯಾಸ ಕೊಟ್ಟೆ. ಅವರು ಕಂಬ ನೆಡುತ್ತಲೇ ಕೇಳಿಸಿಕೊಂಡರು.

ಉದ್ಘಾಟನೆಯ ದಿನ ಹತ್ತೂವರೆ ದಾಟಿದ ಮೇಲೆ ಹಿರಿಯರ ಕಾರು ಗೇಟಿನ ಹತ್ತಿರ ಬಂದು ನಿಂತಿತು. ಅವರು ಇಳಿಯಲಿಲ್ಲ.

"ಹನ್ನೆರಡಾಗ್ಲಿ ಕಣಪ್ಪಾ, ಇಳೀತೀನಿ."

"ಯಜಮಾನ್ರೇ, ರಾಹು ಅನ್ನೋ ಗ್ರಹವೇ ಇಲ್ಲ."

"ಇಲ್ವಾ? ಒಳ್ಳೇದಾಯ್ತು ಬುಡು. ಆದ್ರೆ ಶುಕ್ರವಾರ ಈ ಹೊತ್ತಲ್ಲಿ ಕೊರೆಸಿದ ಮೂರ್ ಬೋರೂ ಬತ್ತೋದ್ವಲ್ಲ, ಅದನ್ಯಾರ್ ಮಾಡಿದ್ರು?"

ಮುಂಬೈಯ ಸಾಹೇಬರು ಗಡಿಯಾರ ನೋಡುತ್ತಿದ್ದರು. ಮೇಡಂ ನನ್ನನ್ನು ನೋಡುತ್ತಿದ್ದರು. ಸಾಬರು ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು.

"ಬೆಳಿಗ್ಗೇನೇ ಪೂಜೆ ಆಗಿದ್ರೆ ಅದು ಶುರು ಆದಂಗೇ ಸಾರ್. ಆಮೇಲೆ ರಾಹು ಗೀಹು ಏನೂ ಇಲ್ಲ. ಹೋಗಿ ಹೇಳಿ, ನಂಗೆ ನಮಾಜ್‌ಗೆ ಲೇಟಾಗ್ತೈತೆ."

ಕಾರಿನ ಕಿಟಕಿಗೆ ಬಗ್ಗಿ, ಎಂಟು ಗಂಟೆಗೇ ಪೂಜೆ ಆಗಿದೆ, ಈಗ ನಡೆಯುವುದು ಬರೀ ಮುಂದುವರಿಕೆ ಎಂದೆ.

"ಕಾಯಿ ಒಡೆದ್ರಾ?"

"ಒಡೆದ್ವಿ."

"ಎಲ್ಲಿ, ತೋರ್ಸು."

ಅಡುಗೆಯವರ ಹತ್ತಿರ ಓಡಿದೆ. ಚಟ್ನಿಗೆಂದು ಒಡೆದಿಟ್ಟಿದ್ದ ಕಾಯಿಯ ಒಂದು ಹೋಳು ಎತ್ತಿಕೊಂಡು, ಸ್ವಾಗತದ ತಟ್ಟೆಯಿಂದ ಕುಂಕುಮ ಹಚ್ಚಿ ತಂದೆ. ಬೆಳಿಗ್ಗೆ ಅಡುಗೆಯವರು ಒಲೆ ಹಚ್ಚುವ ಮೊದಲು ನಿಜವಾಗಿಯೂ ಕಾಯಿ ಒಡೆದು ಕೈಮುಗಿದದ್ದು ನನಗೆ ಈಗ ಸ್ಪಷ್ಟವಾಗಿ ನೆನಪಿದೆ. ಆದರೆ ಆ ನೆನಪು ಹುಟ್ಟಿದ್ದು ನಾನು ಓಡಿದ ಮೇಲೆ ಎಂಬ ಗುಮಾನಿಯೂ ಇದೆ.

ಹಿರಿಯರು ಹೋಳನ್ನು ಕಣ್ಣಿಗೊತ್ತಿಕೊಂಡರು. "ಒಳ್ಳೇ ಕಾಯಿ. ಚಟ್ನಿಗೂ ಆಗ್ತಿತ್ತು," ಎಂದು ಪಂಚೆ ಸರಿಮಾಡಿಕೊಂಡು ಇಳಿದರು. ಕಾರಿನೊಳಗಿನ ಸೆಕೆ ಅವರಿಗೂ ಸಾಕಾಗಿತ್ತು.

ವೇದಿಕೆಯ ಹಿಂದೆ 'ಉದ್ಘಾಟನೆ' ಎಂದು ಕಂಪನಿಯವರು ಇಂಗ್ಲಿಷಿನಲ್ಲಿ ಮಾತ್ರ ಬರೆಸಿದ್ದರು; ಹಿರಿಯರಿಗೆ ಅದನ್ನು ಓದಲು ಬರುತ್ತಿರಲಿಲ್ಲ. ಕಾಲೇಜಿನಲ್ಲಿ ಕನ್ನಡ ಫಲಕಗಳಿಗಾಗಿ ಧರಣಿ ಕೂತಿದ್ದವನು ಅಂದು ಇಂಗ್ಲಿಷಿಗೆ ಮನಸ್ಸಿನಲ್ಲೇ ಕೈಮುಗಿದೆ. ಹನ್ನೊಂದಾಗುವ ಮೊದಲು ದೀಪ ಉರಿಯಿತು.

ಮಾರನೆಯ ದಿನ ಒಂಬತ್ತೂವರೆಗೆ ಮೇಡಂ ಕರೆದರು. ಮೇಜಿನ ಮೇಲೆ ನನ್ನ ಹೆಸರಿನ ಪತ್ರವಿತ್ತು.

"ಇನ್ಮೇಲೆ ಎಲ್ಲಾ ಪ್ರೋಗ್ರಾಂಗೂ ಟೈಮ್ ನೀವೇ ನೋಡ್ಬೇಕು. ಎಂಟು ಗಂಟೆಗೇ ಪೂಜೆ ಮಾಡಿಸಿದ್ರಲ್ಲ, ನಿಮಗೆ ಅದ್ರಲ್ಲಿ ನಂಬಿಕೆ ಇದೆ!"

ಇಲ್ಲ ಎನ್ನಲು ಬಾಯಿ ತೆರೆದೆ. "ಸರಿ ಮೇಡಂ" ಎಂದು ಹೊರಬಂತು. ಪತ್ರಕ್ಕೆ ಕೈ ಚಾಚಿದೆ.

"ಈಗ ಬೇಡ ರೀ, ಶನಿವಾರ ಒಂಬತ್ತರಿಂದ ರಾಹುಕಾಲ. ಹತ್ತೂವರೆ ಆಗ್ಲಿ."

ಹೊರಗಿನ ಬೆಂಚಿನ ಮೇಲೆ ಒಂದು ಗಂಟೆ ಕಾದೆ. ಎದ್ದು ಹೋಗಬೇಕೆಂದು ಎರಡು ಸಲವಾದರೂ ಅನಿಸಿತು. ಹೋಗಲಿಲ್ಲ. ಇದು ಮಾತ್ರ ಖಚಿತವಾಗಿ ನೆನಪಿದೆ.