ಜೋಕಾಲಿಯಲ್ಲಿ ಮೊದಲು ಚೀಲ

ಕಳೆದ ವರ್ಷ ನಾಗರ ಪಂಚಮಿಗೆ ಸ್ವಲ್ಪ ಮೊದಲು ಇಂಡಿ ಊರಿನ ನಮ್ಮ ಓಣಿಯ ಪಾರ್ಕಿಗೆ ಬಣ್ಣ ಬಂತು. ಜಾರುಬಂಡಿ, ತಕ್ಕಡಿಯಂತೆ ಏರಿಳಿಯುವ ಹಲಗೆ, ಜೋಕಾಲಿ ಎಲ್ಲಕ್ಕೂ ಒಂದೇ ನೀಲಿ. ಜಾರುಬಂಡಿಯ ತಳದ ತೂತು ಮಾತ್ರ ಹಾಗೇ ಇತ್ತು. ಅದರ ಅಂಚಿಗೂ ಮುತುವರ್ಜಿಯಿಂದ ನೀಲಿ ಬಳಿದಿದ್ದರು. ನನಗೆ ಹೊಸ ಬಣ್ಣ ಕಂಡರೇ ಅನುಮಾನ. ಬಾಡಿಗೆ ಮನೆ ನೋಡಲು ಹೋದರೂ ಹೊಸದಾಗಿ ಸುಣ್ಣ ಬಳಿದ ಗೋಡೆಯನ್ನೇ ಮೊದಲು ತಟ್ಟಿ ನೋಡುವವಳು ನಾನು.

ಪಂಚಮಿಗೆ ಮಗಳು ಸಿಂದಗಿಯಿಂದ ಮೂರು ವರ್ಷದ ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದಳು. ತವರಿಗೆ ಬಂದ ಹೆಣ್ಣುಮಕ್ಕಳು ಜೋಕಾಲಿ ಆಡದೆ ಹೋದರೆ ನಮ್ಮಲ್ಲಿ ಹಬ್ಬ ಮಾಡಿದಂತೆಯೇ ಅಲ್ಲ. ಮೊದಲು ಓಣಿಯ ಬೇವಿನ ಮರಕ್ಕೆ ಹಗ್ಗ ಕಟ್ಟುತ್ತಿದ್ದೆವು. ಚರಂಡಿ ಮಾಡುವಾಗ ಆ ಮರ ಹೋಯಿತು. ಈಗ ಮಕ್ಕಳಿಗೆಂದು ಹಾಕಿದ ಪಾರ್ಕಿನ ಜೋಕಾಲಿಗೆ ಹೊಸ ಸೀರೆಯುಟ್ಟ ದೊಡ್ಡವರೇ ಪಾಳಿ ಹಚ್ಚುತ್ತಾರೆ. ಮಕ್ಕಳು ಬದಿಗೆ ನಿಂತು ಎಳ್ಳು, ಶೇಂಗಾದ ಉಂಡಿ ತಿನ್ನುತ್ತವೆ.

ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಆಡುತ್ತೇನೆಂದು ಮಗಳು ಹೊರಟಳು. ನಾನು ಅಡ್ಡ ನಿಂತೆ. ಮುದ್ದೇಬಿಹಾಳದ ಕಡೆಯ ನನ್ನ ತವರಿನಲ್ಲಿ ಪಂಚಮಿಯ ಜೋಕಾಲಿಯಲ್ಲಿ ಮೊದಲು ಕೂರುವುದು ಜೋಳದ ಚೀಲ. ಅದನ್ನು ಜೋರಾಗಿ ತೂಗಿದ ಮೇಲೆಯೇ ಹೆಣ್ಣುಮಕ್ಕಳ ಪಾಳಿ. ಮರದ ಟೊಂಗೆಗೆ ಮಾಡುತ್ತಿದ್ದುದನ್ನು ಕಬ್ಬಿಣಕ್ಕೂ ಮಾಡಬೇಕೇ ಎಂದು ಮಗಳು ಕೇಳಿದಳು. ಮಾಡಬೇಕು ಎಂದೆ. ಮನೆಯಲ್ಲಿ ಈಗ ಜೋಳದ ಚೀಲ ಎಲ್ಲಿ ಬರಬೇಕು? ಮಾರುಕಟ್ಟೆಗೆಂದು ತೋಟದಿಂದ ತಂದಿಟ್ಟ ಲಿಂಬೆಹಣ್ಣಿನ ಚೀಲವಿತ್ತು. ಯಜಮಾನರು ಗೊಣಗುತ್ತಲೇ ಅದನ್ನು ಮೋಟರ್‌ಸೈಕಲ್ ಮೇಲೆ ಹೇರಿಕೊಂಡು ಬಂದರು.

ಪಾರ್ಕಿನ ತುಂಬ ನಗು. ಚೀಲಕ್ಕೂ ಒಂದು ಉಂಡಿ ಕೊಡಿ ಎಂದು ಯಾರೋ ಛೇಡಿಸಿದರು. ಮಗಳ ಮುಖ ಕೆಂಪಾಗಿತ್ತು. ಯಜಮಾನರು ಮೆಲ್ಲಗೆ ತೂಗಿ, ಏನಾಯಿತೀಗ ಎಂಬಂತೆ ನನ್ನನ್ನು ನೋಡಿದರು. ನನಗೂ ಸಾಕೆನಿಸಿತ್ತು. ಆದರೆ ನಕ್ಕವರ ಮೇಲಿನ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಮಂದಿ ಆಡೂ ಹಂಗ ಜೋರ್ ತೂಗ್ರಿ," ಎಂದೆ.

ಅವರೂ ಸಿಟ್ಟಿನಲ್ಲಿ ಮೈಯ ಬಲವೆಲ್ಲ ಹಾಕಿ ತಳ್ಳಿದರು. ಮೇಲೆ ಹೋದ ಚೀಲ ಹಿಂದಕ್ಕೆ ಬರುವಾಗ ಒಂದು ಬದಿಯ ಕೊಂಡಿ ಕಿತ್ತು, ಸರಪಳಿ ಸಮೇತ ನೆಲಕ್ಕೆ ಬಿತ್ತು. ಚೀಲದ ಬಾಯಿ ಬಿಚ್ಚಿ ಲಿಂಬೆಹಣ್ಣುಗಳು ಪಾರ್ಕಿನ ತುಂಬ ಉರುಳಿದವು. ಅದೂ ಹಬ್ಬದ ಆಟವೆಂದು ಮೊಮ್ಮಗಳು ಚಪ್ಪಾಳೆ ತಟ್ಟಿದಳು. ಬೇರೆ ಯಾರೂ ನಗಲಿಲ್ಲ. ಕಿತ್ತ ಕೊಂಡಿಯನ್ನು ಕೈಯಲ್ಲಿ ಹಿಡಿದು ನೋಡಿದೆ. ಹೊರಗೆ ನೀಲಿ, ಒಳಗೆ ತುಕ್ಕು ತಿಂದು ಸೂಜಿಯಷ್ಟು ಉಳಿದಿತ್ತು. ಅಲ್ಲೇ ನೆಲದ ಮೇಲೆ ಕುಳಿತೆ. ಮಗಳು ಮಗುವನ್ನು ಅವಚಿಕೊಂಡು ಬಂದು ಪಕ್ಕದಲ್ಲಿ ಕುಳಿತಳು. ಇಬ್ಬರನ್ನೂ ಮುಟ್ಟಿ ನೋಡಿದ ಮೇಲೆ ಹೋದ ಜೀವ ಬಂದಂತಾಗಿ ಅತ್ತುಬಿಟ್ಟೆ.

ಮೊದಲು ಛೇಡಿಸಿದವರೇ ಲಿಂಬೆಹಣ್ಣು ಆರಿಸಿಕೊಟ್ಟರು. ಮತ್ತೆ ಯಾರೂ ಕೂರದಂತೆ ಉಳಿದ ಸರಪಳಿಯನ್ನು ಮೇಲಕ್ಕೆ ಸುತ್ತಿ ಕಟ್ಟಿದರು.

ಸಂಜೆ ನಮ್ಮ ತೋಟದ ಹುಣಸೆ ಮರಕ್ಕೆ ಹಗ್ಗ ಕಟ್ಟಿದೆವು. ನಾನು ಬಾಯಿ ತೆರೆಯುವ ಮೊದಲೇ ಮಗಳು ಅದೇ ಚೀಲವನ್ನು ಕೂರಿಸಿ, ತಾನೇ ಜೋರಾಗಿ ತೂಗಿದಳು. ಅದನ್ನಿಳಿಸಿ ಮಗುವನ್ನು ಎತ್ತಿಕೊಳ್ಳುತ್ತಾಳೆ ಅಂದುಕೊಂಡರೆ ನನ್ನ ಕಡೆ ತಿರುಗಿದಳು.

"ಈಗ ನೀ ಕೂಡವ್ವ. ಚೀಲಕ್ಕಿಂತ ನೀನ ವಜ್ಜಿ ಅದಿ."

ಕುಳಿತೆ. ನನ್ನ ಭಾರವನ್ನೂ ಹಗ್ಗ ತಡೆಯಿತು. ಇಳಿಯುವ ಮನಸ್ಸೇ ಆಗದೆ, ಮೊಮ್ಮಗಳನ್ನು ನನ್ನ ತೊಡೆಗೇ ಕೊಡು ಎಂದೆ.