ಮಾವಶಿ ಬಿಟ್ಟುಕೊಡದ ಕುರ್ಚಿ

ಅವರ ಬಲ ಹೆಬ್ಬೆರಳಿನ ಉಗುರು ಅರ್ಧಕ್ಕೆ ಸವೆದಿತ್ತು. ಬದಿಯ ಚರ್ಮದಲ್ಲಿ ಎಷ್ಟು ತೊಳೆದರೂ ಹೋಗದ ತಂಬಾಕಿನ ಕಂದು ಕಲೆ. ಹರೆಯದಲ್ಲಿ ನಿಪ್ಪಾಣಿಯಲ್ಲಿ ಬೀಡಿ ಕಟ್ಟಿ, ಟೈಪಿಂಗ್ ಕಲಿತು, ಕೊನೆಗೆ ಸ್ವಂತ ಪ್ರೆಸ್ ಹಾಕಿದ ಹೆಂಗಸು. ಊರಿಗೆಲ್ಲ ಅವರು ಮಾವಶಿ, ಅಂದರೆ ಚಿಕ್ಕಮ್ಮ. ಬಾಯಿ ಮಾತ್ರ ಹಸಿಮೆಣಸಿನಕಾಯಿ.

ನಾನು ಚಿಕ್ಕೋಡಿಯಿಂದ ಬಸ್ಸಿನಲ್ಲಿ ಅವರ ಪ್ರೆಸ್ಸಿಗೆ ಕೆಲಸಕ್ಕೆ ಬರುತ್ತಿದ್ದೆ. ಅಪ್ಪ ಮೊದಲೇ ಹೇಳಿದ್ದ, “ಈ ನೌಕರಿ ಕಾಯಂ ಆದ್ರ ಬೇಷಾತು. ಇಲ್ಲಂದ್ರ ಕಾಗವಾಡದ ವರಕ್ಕ ಹ್ಞೂಂ ಅಂತೀನಿ.” ಮದುವೆಯ ಮೇಲೆ ನನಗೆ ಸಿಟ್ಟಿರಲಿಲ್ಲ, ನನ್ನನ್ನು ಕೇಳದೆ ಅನ್ನುವ ಆ ಹ್ಞೂಂ ಮೇಲೆ ಇತ್ತು.

ನಾನು ಸೇರಿದ ಹೊಸತರಲ್ಲೇ ಪ್ರೆಸ್ಸಿಗೆ ಮ್ಯಾಕ್ ಬಂತು. ನನ್ನದೋ ವಿಂಡೋಸಿನಲ್ಲಿ ಪಳಗಿದ ಕೈ. ಟೈಪ್ ಮಾಡಿದ್ದನ್ನು ಸೇವ್ ಮಾಡಬೇಕೆಂದರೆ ಕಿರುಬೆರಳು ತಾನಾಗಿ ಮೂಲೆಯ ಕಂಟ್ರೋಲ್ ಕೀಗೆ ಓಡುತ್ತಿತ್ತು. ಇಲ್ಲಿ ಹೆಬ್ಬೆರಳಿನಿಂದ ಸ್ಪೇಸ್‌ಬಾರಿನ ಪಕ್ಕದ ಕಮಾಂಡ್ ಕೀ ಊರಿ ಎಸ್ ಒತ್ತಬೇಕು. ತಲೆಗೆ ಗೊತ್ತಿತ್ತು, ಬೆರಳು ಕೇಳುತ್ತಿರಲಿಲ್ಲ. ಮಾವಶಿ ಮೌಸ್ ಕಿತ್ತಿಟ್ಟು, ನೆನಪಿಗೆಂದು ನನ್ನ ಕಿರುಬೆರಳಿಗೆ ಬೀಡಿ ಕಟ್ಟುವ ದಾರ ಸುತ್ತಿದರು. “ದೊಡ್ಡ ಬೀಡಿ ಬಿಟ್ಟು ಸಣ್ಣ ಬೀಡಿ ಕಟ್ಟಾಕ ಹತ್ತಿದಾಗ ನನ್ನ ಕೈನೂ ಹಿಂಗ ಹಟಾ ಮಾಡಿತ್ತ. ಅದನ್ನ ಬೈಬ್ಯಾಡ, ತಿದ್ದು.”

ಒಂದು ಮಧ್ಯಾಹ್ನ ಅಥಣಿ ಕಡೆಯವರು ಲಗ್ನಪತ್ರಿಕೆಗೆ ಬಂದರು. ಹೆಣ್ಣಿನವರಿಗೆ ಕನ್ನಡ, ಗಂಡಿನವರಿಗೆ ಮರಾಠಿ, ಎರಡೂ ಒಂದೇ ಹಾಳೆಯಲ್ಲಿ ಬೇಕು. ಮೊದಲ ಪತ್ರಿಕೆ ಚಿಂಚಲಿಯ ಮಾಯಕ್ಕ ದೇವಿಯ ಮುಂದಿಟ್ಟ ಮೇಲೆಯೇ ಉಳಿದವರಿಗೆ ಹಂಚುವುದು. ಸಂಜೆಗೆ ಗುಡಿ ಮುಟ್ಟಬೇಕೆಂದು ಜೀಪನ್ನು ಬಾಗಿಲಲ್ಲೇ ನಿಲ್ಲಿಸಿದ್ದರು.

ಟೈಪಿಂಗ್ ಮುಗಿಯುತ್ತ ಬಂದಾಗ ಕರೆಂಟ್ ಹೋಯಿತು. ಹಳೆಯ ಯುಪಿಎಸ್ ಕೀಂ ಕೀಂ ಎನ್ನತೊಡಗಿತು. ಗಾಬರಿಯಲ್ಲಿ ಕಿರುಬೆರಳು ದಾರದ ಸಮೇತ ಮೂಲೆಗೇ ಓಡಿತು. ಸೇವ್ ಆಗುವ ಮೊದಲೇ ಪರದೆ ಕಪ್ಪಾಯಿತು, ಮಾಡಿದ್ದೆಲ್ಲ ಹೋಯಿತು.

ಅಥಣಿಯವರ ಹಿರಿಯ ಎದ್ದು ನಿಂತ. “ಮಾವಶಿ, ಈ ಹುಡುಗೀನ ಎಬ್ಬಸ್ರಿ. ನೀವ ಕುಂದರ್ರಿ.”

ನಾನು ಅರ್ಧ ಎದ್ದಿದ್ದೆ. ಮಾವಶಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. “ಆಕಿನ ಮಾಡ್ತಾಳ್ರಿ. ನೀವು ಚಾ ಕುಡೀರಿ.” ನನ್ನ ಕಡೆ ತಿರುಗಿ, “ಕುಂದರ. ಅಳೂದು ಮನ್ಯಾಗ,” ಎಂದರು.

ಕರೆಂಟ್ ಬಂತು. ಮತ್ತೆ ಮೊದಲಿನಿಂದ ಶುರು. ಹಿರಿಯ ನನ್ನ ಬೆನ್ನಿಗೇ ನಿಂತು ಗಡಿಯಾರ ನೋಡುತ್ತಿದ್ದ. ಜೀಪಿನವನು ಹಾರ್ನ್ ಹೊಡೆದ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಕರೆಂಟ್ ಮತ್ತೆ ಹೋಯಿತು, ಯುಪಿಎಸ್ ಮತ್ತೆ ಕೂಗಿತು. ನನ್ನ ಕೈ ಮೂಲೆಗೆ ಹಾರಿ ನಡುವೆಯೇ ನಿಂತಿತು. ಕಮಾಂಡ್ ಮೇಲೆ ಹೆಬ್ಬೆರಳು ಊರಿ ಎಸ್ ಒತ್ತಿದೆ. ಪರದೆ ಆರಿತು.

ಕರೆಂಟ್ ಬಂದ ಮೇಲೆ ಫೈಲ್ ತೆರೆದೆ. ಪತ್ರಿಕೆ ಇಡಿಯಾಗಿತ್ತು, ಅಚ್ಚು ಹಾಕಿ ಕೊಟ್ಟೆವು. ಜೀಪು ಹೊರಟ ಮೇಲೆ ಮಾವಶಿ, “ನಾಳೆ ಲಗೂನ ಬಾ” ಎಂದಷ್ಟೇ ಹೇಳಿದರು. ನನ್ನ ನೌಕರಿ ಕಾಯಂ ಆದದ್ದು ಹೀಗೆ. ಕಾಗವಾಡದ ಮಾತನ್ನು ಅಪ್ಪ ಮತ್ತೆ ಎತ್ತಲಿಲ್ಲ.

ಹೋದ ವರ್ಷ ಮಾವಶಿ ತೀರಿಕೊಂಡರು. ಅದಕ್ಕೆ ಸ್ವಲ್ಪ ಮುಂಚೆ ಆಸ್ಪತ್ರೆಯಲ್ಲಿ ಕೇಳಿದ್ದೆ, “ಅವತ್ತ ನೀವ ಯಾಕ ಟೈಪ್ ಮಾಡ್ಲಿಲ್ರಿ? ಗಿರಾಕಿ ಎದ್ದು ಹೋಗಿದ್ರ?”

“ಹೋದ್ರ ಹೋಗ್ಲಿ. ಗಿರಾಕಿ ಮತ್ತ ಬರ್ತಾರ. ನೀ ಎದ್ದು ಹೋಗಿದ್ರ ಮತ್ತ ಬರ್ತಿದ್ದೇನ?”

ಬರುತ್ತಿರಲಿಲ್ಲ. ಇವತ್ತಿಗೂ ನಾನು ಉಣ್ಣುತ್ತಿರುವುದು ಆ ಕುರ್ಚಿಯ ಮೇಲೆ ಕೂತು ದುಡಿದದ್ದನ್ನೇ.