ಗಾಳಿ ನೋಡಿ ನೀರು ಬಿಡುವವನು

ಈ ಮನುಷ್ಯನ ಬಗ್ಗೆ ಬರೆಯಲೇಬೇಕು. ಬಾಯಿ ಮುಚ್ಚಿಕೊಂಡಿದ್ದರೆ ಅವನ ಜಾಗ ಉಳಿಯುತ್ತಿತ್ತು. ಅವನು ಮುಚ್ಚಿಕೊಳ್ಳಲಿಲ್ಲ.

ಪೇಟೆ ನಡುವಿನ ವೃತ್ತದ ಕೊಳದಲ್ಲಿ ಒಂಬತ್ತು ಕಬ್ಬಿಣದ ಕೊಕ್ಕರೆಗಳಿವೆ. ಒಂದೊಂದೂ ಎರಡಾಳೆತ್ತರ. ಕೊಕ್ಕಿನಿಂದ ನೀರು ಚಿಮ್ಮುತ್ತದೆ. ಕೆಳಗಿನ ಗುಂಡಿಯಲ್ಲಿ ಒಂಬತ್ತು ವಾಲ್ವ್. ಹದಿನೆಂಟು ವರ್ಷದಿಂದ ಅವನ್ನು ತಿರುಗಿಸುವವನೇ ನಮ್ಮ ವಾಲ್ವ್ ಮಾವ. ನಾನು ಎದುರು ಮೂಲೆಯಲ್ಲಿ ಚಪ್ಪಲಿ ಹೊಲಿಯುತ್ತೇನೆ.

ಅವನು ಕೂತದ್ದನ್ನು ನಾನು ಕಂಡಿಲ್ಲ. ಬೆರಳು ಒದ್ದೆ ಮಾಡಿ ಎತ್ತಿ ಹಿಡಿಯುತ್ತಾನೆ. ಗಾಳಿ ಬಸ್ ನಿಲ್ದಾಣದ ಕಡೆ ತಿರುಗಿದರೆ ಗುಂಡಿಗಿಳಿದು ಆ ಕಡೆಯ ಮೂರು ಕೊಕ್ಕರೆಗಳ ನೀರು ತಗ್ಗಿಸುತ್ತಾನೆ. ಇಲ್ಲದಿದ್ದರೆ ಬಸ್ಸಿಗೆ ಕಾಯುವವರೆಲ್ಲ ತೊಪ್ಪೆಯಾಗುತ್ತಾರೆ. ಪಕ್ಕದ ಬೀದಿಯಲ್ಲಿ ಬಟ್ಟೆ ಹೊಲಿಯುವ ಹೆಂಡತಿ ಮಧ್ಯಾಹ್ನ ಊಟ ತರುತ್ತಾಳೆ. ಅವಳು ಕೊಳದ ಕಟ್ಟೆ ಮೇಲೆ ಕೂತು ತಿನ್ನುತ್ತಾಳೆ, ಇವನು ನಿಂತು.

ಹೋದ ತಿಂಗಳು ಪುರಸಭೆ ಕಚೇರಿಯವರು ಯಂತ್ರ ತಂದರು. ಗಾಳಿ ಅಳೆದು ತಾನೇ ವಾಲ್ವ್ ತಿರುಗಿಸುವ ಯಂತ್ರ. ಸೋಮವಾರ ಪರೀಕ್ಷೆ. ಯಂತ್ರ ಗೆದ್ದರೆ ಮಾವನಿಗೆ ಊರಾಚೆಯ ಪಂಪ್ ಮನೆಗೆ ವರ್ಗ, ಹೋಗಲು ಎರಡು ಬಸ್. ಸೋತರೆ ಯಂತ್ರ ವಾಪಸ್.

ಭಾನುವಾರ ಸಂಜೆ ಅವನು ನನ್ನ ಮುಂದೆ ಬಂದ, ಹೋದ, ಮತ್ತೆ ಬಂದ.

"ಏನ್ ಮಾವ, ಕಾಲು ಸುಟ್ಟ ಬೆಕ್ಕಿನ ಥರ?"

"ಗಾಳಿ ಅಳೆಯೋ ಬಟ್ಟಲನ್ನ ದೊಡ್ಡ ಕೊಕ್ಕರೆ ರೆಕ್ಕೆ ಹಿಂದೆ ಇಟ್ಟಿದಾರೆ ಕಣೋ. ಅಲ್ಲಿ ಗಾಳಿನೇ ಬರಲ್ಲ."

"ಒಳ್ಳೇದೇ ಆಯ್ತಲ್ಲ! ಸುಮ್ನಿರು."

"ಜನ ನೆನೀತಾರೆ."

"ಒಂದಿನ ನೆನೀಲಿ ಬಿಡು. ನೀರು ತಾನೆ, ಆಸಿಡ್ಡಾ?"

ಅವನು ಬೆರಳು ಒದ್ದೆ ಮಾಡಿ ಎತ್ತಿ ಹಿಡಿದ.

ಸೋಮವಾರ ಇಂಜಿನಿಯರ್ ಬಂದರು. ಗಾಳಿ ನಿಲ್ದಾಣದ ಕಡೆಗೇ ಇತ್ತು. ಅಲ್ಲಿ ಇಪ್ಪತ್ತು ಜನ. ಮಾವ ಕೊಳಕ್ಕೆ ಸುತ್ತಿನ ಮೇಲೆ ಸುತ್ತು ಹಾಕಿದ.

"ರೀ, ನೋಡಿ ನೋಡಿ ನಂಗೇ ತಲೆ ತಿರುಗ್ತಿದೆ. ಹೇಳೋದನ್ನ ಹೇಳಿ ಮುಗಿಸಿ," ಅಂದಳು ಊಟ ತಂದಿದ್ದ ಹೆಂಡತಿ.

"ಹೇಳಿದ್ರೆ ಊಟಕ್ಕೆ ನೀನೊಬ್ಬಳೇ."

"ನಿಂತ್ಕೊಂಡು ತಿನ್ನೋ ಗಂಡ ಇದ್ರೆಷ್ಟು, ಬಿಟ್ರೆಷ್ಟು? ಹೋಗಿ."

ಅಷ್ಟು ಹೇಳಿ ಅವಳು ಮುಖ ಆ ಕಡೆ ತಿರುಗಿಸಿದಳು.

ಮಾವ ಹೋದ. "ಸಾರ್, ಒಂದ್ನಿಮಿಷ. ಆ ಬಟ್ಟಲು ರೆಕ್ಕೆ ಮರೇಲಿದೆ. ಕೊಕ್ಕರೆ ನೆತ್ತಿ ಮೇಲಿಡಿ."

ಏಣಿ ಹಾಕಿ ಇಟ್ಟರು. ಸ್ವಿಚ್ ಒತ್ತಿದರು. ಮೂರು ಕೊಕ್ಕರೆಗಳ ನೀರು ತಾನಾಗಿ ತಗ್ಗಿತು. ಒಬ್ಬರ ಮೇಲೂ ಹನಿ ಬೀಳಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಮಾವನ ಬಲಗೈ ಮಾತ್ರ ವಾಲ್ವ್ ಹಿಡಿದವರ ಹಾಗೆ ಬರಿಗಾಳಿಯಲ್ಲಿ ತಿರುಗುತ್ತಿತ್ತು.

ಯಂತ್ರದ ಮೇಲೆ ಕಣ್ಣಿಡಲು ಈ ಶನಿವಾರದವರೆಗೆ ಅವನು ವೃತ್ತದಲ್ಲೇ ಇರುತ್ತಾನೆ. ಹೋಗಿ ಮಾತಾಡಿಸಿ. ಜೊತೆಗೆ ನಾಲ್ಕು ಸುತ್ತು ನಡೆಯಿರಿ. ಆಮೇಲಾದರೆ ಪಂಪ್ ಮನೆಗೆ ಹೋಗಬೇಕು. ದೂರ. ಆದರೂ ಹೋಗಿ.